ಪಾಂಪೆಯನ್ನು ಟಾಕೀಸಲ್ಲೇ ನೋಡಬೇಕು ಮಾರಾಯ

ಪ್ರೀತಿಯ ದೋಸ್ತ,

"ಅದು ಯೂಟ್ಯೂಬಲ್ಲೇ ಇದೆಯಲ್ಲ ಮಾರಾಯ, ಅದಕ್ಕೆ ಯಾಕೆ ಅಷ್ಟು ದುಡ್ಡು ಕೊಟ್ಟು ಟಾಕೀಸಿಗೆ ಹೋಗಬೇಕು" ಅಂತ ಪುಣೆಯಿಂದ ಮೆಸೇಜ್ ಹಾಕಿದ್ದೆಯಲ್ಲ, ಅದಕ್ಕೆ ಎರಡು ಸಾಲಲ್ಲಿ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಅದಕ್ಕೇ ಈ ಪತ್ರ. ನಮ್ಮ ಹಾಗೆ ಈ ಹುಚ್ಚು ಹಿಡಿದ ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಜಾರಿಲ್ಲ ಅಲ್ವಾ?

ಮೊದಲು ವಿಷಯ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಇಟಲಿಯ ಪಾಳುಬಿದ್ದ ಹಳೇ ಊರು ಪಾಂಪೆಯಲ್ಲಿ ನುಡಿಸಿದ ಸಿನಿಮಾ 1971ರ ಅಕ್ಟೋಬರಿನಲ್ಲಿ ತೆಗೆದದ್ದು, 1972ರಲ್ಲಿ ಮೊದಲ ಸಲ ತೋರಿಸಿದ್ದು. ಅದರ ಮೂಲ 35 ಎಂಎಂ ನೆಗೆಟಿವ್ ಎಷ್ಟೋ ವರ್ಷ ಬ್ಯಾಂಡಿನವರದೇ ಸಂಗ್ರಹದಲ್ಲಿ, ಹೆಸರು ಸರಿಯಾಗಿ ಬರೆಯದ ಐದು ಡಬ್ಬಿಗಳಲ್ಲಿ ಬಿದ್ದಿತ್ತಂತೆ. ಅದು ಕೈಗೆ ಸಿಕ್ಕ ಮೇಲೆ ಒಂದೊಂದೇ ಫ್ರೇಮ್ ಸರಿಮಾಡಿ, 4ಕೆ ಅನ್ನುವ ತುಂಬಾ ಸ್ಪಷ್ಟದ ಪ್ರಿಂಟ್ ಮಾಡಿ, ಸಂಗೀತಗಾರ ಸ್ಟೀವನ್ ವಿಲ್ಸನ್ ಹತ್ತಿರ ಸೌಂಡನ್ನು ಹೊಸದಾಗಿ ಮಿಕ್ಸ್ ಮಾಡಿಸಿ, 2025ರ ಏಪ್ರಿಲ್‌ನಲ್ಲಿ ಐಮ್ಯಾಕ್ಸ್ ಅನ್ನುವ ಭಾರೀ ದೊಡ್ಡ ಪರದೆಗೆ ಬಿಟ್ಟರು. ಇಲ್ಲಿ ಮುಂಬೈಯಲ್ಲಿ ನಾನು ನೋಡಿದ್ದು ಅದನ್ನೇ.

ನಿನಗೆ ಈ ಸಿನಿಮಾ ಹೊಸತಲ್ಲ ಅಂತ ಗೊತ್ತು. ಡೊಂಬಿವಲಿಯ ನಿನ್ನ ರೂಮಲ್ಲಿ, ಫೌಂಟನ್ ಫುಟ್‌ಪಾತಿನಿಂದ ತಂದ ವಿಸಿಡಿ ಹಾಕಿಕೊಂಡು, ಆ ಸಣ್ಣ ಟೀವಿಯ ಮುಂದೆ ಕೂತು ನೋಡಿದವರು ನಾವು. ಡಿಸ್ಕ್ ಬದಲಾಯಿಸಲು ಯಾರು ಏಳಬೇಕು ಅಂತ ದಿನಾ ಜಗಳ. ಆ ಪ್ರಿಂಟಲ್ಲಿ ಎಲ್ಲರ ಮುಖವೂ ಒಂದೇ ಬಣ್ಣ, ಮಣ್ಣು ಕಲಸಿದ ಹಾಗೆ. ಆದರೂ ನೋಡಿದೆವು, ಮತ್ತೆ ಮತ್ತೆ ನೋಡಿದೆವು, ಯಾಕೆಂದರೆ ಬೇರೆ ದಾರಿಯೇ ಇರಲಿಲ್ಲ. ಪಿಂಕ್ ಫ್ಲಾಯ್ಡ್ ಬ್ಯಾಂಡಾಗಿ ನಮ್ಮ ದೇಶಕ್ಕೆ ಒಮ್ಮೆಯೂ ಬರಲಿಲ್ಲ. 2007ರಲ್ಲಿ ಬ್ಯಾಂಡಿನ ಹಳೇ ಸದಸ್ಯ ರೋಜರ್ ವಾಟರ್ಸ್ ಮುಂಬೈಗೆ ಬಂದು ನುಡಿಸಿದಾಗ ಆ ಸಂಗೀತದ ಅರ್ಧ ಭಾಗ ಬಂದ ಹಾಗಾಯಿತು ಅಷ್ಟೆ. ಗಿಲ್ಮೋರ್‌ನ ಗಿಟಾರು, ರಿಕ್ ರೈಟ್‌ನ ಕೀಬೋರ್ಡು, ಬ್ಯಾಂಡಿನ ನಾಲ್ವರೂ ಒಟ್ಟಿಗೆ ಒಂದು ಕಡೆ ನಿಂತದ್ದು, ಇದೆಲ್ಲ ನಮಗೆ ಸಿನಿಮಾದಲ್ಲಿ ಮಾತ್ರ. ರಿಕ್ 2008ರಲ್ಲೇ ಹೋಗಿಬಿಟ್ಟ.

ಆವತ್ತು ಸಂಜೆ ಆಫೀಸು ಮುಗಿಸಿ ಲೋಕಲ್ ಹಿಡಿದು ಹೋದೆ. ಹಾಲಿನ ಹೊರಗೆ ನಿಂತ ಜನರನ್ನು ನೋಡಿಯೇ ಖುಷಿಯಾಯಿತು. ಕಾಲೇಜು ಹುಡುಗಿಯರು, ಅಪ್ಪನ ಜೊತೆ ಬಂದ ಹೈಸ್ಕೂಲು ಹುಡುಗ, ನಮ್ಮ ವಯಸ್ಸಿನ ಹೊಟ್ಟೆ ಬಂದ ಗಂಡಸರು, ಫ್ಲಾಯ್ಡ್ ಆಲ್ಬಮ್ಮಿನ ಪ್ರಿಸಮ್ ಚಿತ್ರವಿರುವ, ಬಣ್ಣ ಹೋದ ಟೀ ಶರ್ಟುಗಳು. ಇಷ್ಟು ಜನ ಈ ಊರಲ್ಲಿ ಇನ್ನೂ ಇದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ ಮಾರಾಯ. ಮೊದಲಾದರೆ ರಂಗಭವನಕ್ಕೆ ಹೋದರೆ ಕಾಣುತ್ತಿದ್ದರು. ಧೋಬಿ ತಲಾವಿನ ಆ ಬಯಲು ಥಿಯೇಟರಿಗೆ ಇಂಡಿಪೆಂಡೆನ್ಸ್ ರಾಕ್ ಅನ್ನುವ ರಾಕ್ ಸಂಗೀತದ ಹಬ್ಬಕ್ಕೆ ಅಂತ ನಾವಿಬ್ಬರೂ ಬೆವರು ಸುರಿಸಿಕೊಂಡು ಓಡುತ್ತಿದ್ದೆವಲ್ಲ. ಪಕ್ಕದಲ್ಲಿ ಆಸ್ಪತ್ರೆ, ಕಾಲೇಜು ಇರುವುದರಿಂದ ಅದು ಗದ್ದಲ ಮಾಡಬಾರದ ಜಾಗ ಅಂತಾಗಿ ಅಲ್ಲಿ ಸಂಗೀತ ನಿಂತಿತು. ಕಾಲಾ ಘೋಡಾದ ಕ್ಯಾಸೆಟ್ ಅಂಗಡಿ ರಿದಮ್ ಹೌಸ್ 2016ರಲ್ಲಿ ಮುಚ್ಚಿತು. ಅಲ್ಲಿ ಕ್ಯಾಸೆಟ್ ತಿರುಗಿಸಿ ನೋಡುತ್ತಾ ನಿಂತವನ ಕೈಯಲ್ಲಿ ಏನಿದೆ ಅಂತ ಇಣುಕಿದರೆ ಸಾಕು, ಮಾತು ಶುರುವಾಗುತ್ತಿತ್ತು. ಈಗ ಹಾಡು ಎಲ್ಲರ ಫೋನಲ್ಲೂ ಇದೆ, ಆದರೆ ಪಕ್ಕದವನು ಏನು ಕೇಳುತ್ತಿದ್ದಾನೆ ಅಂತ ತಿಳಿಯುವ ಹಾಗಿಲ್ಲ.

ಅಮ್ಮನಿಗೆ ಫೋನ್ ಮಾಡಿ ಊಟಕ್ಕೆ ಕಾಯಬೇಡಿ ಅಂತ ಹೇಳಿ ಇಟ್ಟೆ ನೋಡು, ಪಕ್ಕದ ಸೀಟಿನ ಹಿರಿಯರು ತಿರುಗಿ "ಕನ್ನಡವಾ? ಯಾವೂರು?" ಅಂದರು. ಕುಂದಾಪುರ ಅಂದೆ. ಅವರು ಅಂಕೋಲೆಯವರು. ಬ್ಯಾಂಕಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ದಾರೆ, ಮನೆ ಮಾಟುಂಗದಲ್ಲಿ, ಎಪ್ಪತ್ತರ ಹತ್ತಿರದ ವಯಸ್ಸು. ಬಿಳಿ ಅಂಗಿ ತೋಳು ಮಡಚಿ, ಸಂಕಷ್ಟಿಗೆ ದೇವಸ್ಥಾನಕ್ಕೆ ಬಂದವರ ಹಾಗೆ ನೀಟಾಗಿ ಕೂತಿದ್ದರು. ಅವರು ಕಾಲೇಜಲ್ಲಿದ್ದಾಗ ಇಂಗ್ಲೆಂಡಿನ ಇನ್ನೊಂದು ರಾಕ್ ಬ್ಯಾಂಡ್ ಲೆಡ್ ಜೆಪೆಲಿನ್‌ನ ಸಿನಿಮಾ ಬೊಂಬಾಯಿಗೆ ಬಂದಿತ್ತಂತೆ, ಫೋರ್ಟ್ ಕಡೆಯ ಟಾಕೀಸೊಂದರಲ್ಲಿ ನೋಡಿದ್ದರಂತೆ. 1973ರ ಜುಲೈಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೂರು ರಾತ್ರಿ ನುಡಿಸಿದ್ದನ್ನು ಹಿಡಿದ ಸಿನಿಮಾ ಅದು, ಅಲ್ಲಿ ಬಿಡುಗಡೆಯಾದದ್ದು 1976ರಲ್ಲಿ. ನಡುನಡುವೆ ಶಾಟುಗಳು ಕಡಿಮೆ ಬಿದ್ದವು ಅಂತ ಆಮೇಲೆ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಮತ್ತೆ ತೆಗೆದರು. ಅಷ್ಟರಲ್ಲಿ ಅವರ ಬಾಸ್ ಗಿಟಾರಿನ ಜಾನ್ ಪಾಲ್ ಜೋನ್ಸ್ ಕೂದಲು ಕತ್ತರಿಸಿಕೊಂಡಿದ್ದ, ವಿಗ್ ಹಾಕಿ ಕೂರಿಸಬೇಕಾಯಿತು. ಇದನ್ನು ನಾನು ಹೇಳುವ ಮೊದಲೇ ಅವರೇ ಹೇಳಿದರು.

ಅವರು ಹೇಳಿದ ಒಂದು ಮಾತು ಮಾತ್ರ ನಿನಗೆ ಹಾಗೇ ಒಪ್ಪಿಸಬೇಕು. "ಬ್ಯಾಂಡ್ ನಮ್ಮಲ್ಲಿಗೆ ಬರೂದಿಲ್ಲ, ನಾವು ಅಲ್ಲಿಗೆ ಹೋಗೂ ಹಂಗಿಲ್ಲ. ಸಿನಿಮಾ ಬಂತು ಅಂದ್ರೆ ನಮ್ಗೆ ಬ್ಯಾಂಡೇ ಬಂದಂಗೆ ತಮಾ." ಆ ಸಿನಿಮಾದಲ್ಲಿ ಜೆಪೆಲಿನ್ ಡ್ರಮ್ಮರ್ ಬೊನಮ್‌ನ ಆ ಉದ್ದದ ಡ್ರಮ್ ಸೋಲೋ ನಡೆಯುವಾಗ ಒಬ್ಬನೂ ಚಹಾಕ್ಕೆ ಎದ್ದು ಹೋಗಲಿಲ್ಲವಂತೆ. ಮುಗಿದಾಗ ಇಡೀ ಟಾಕೀಸು ಚಪ್ಪಾಳೆ ತಟ್ಟಿತಂತೆ, ಅಲ್ಲಿರುವವರಿಗೆ ಕೇಳಿಸುತ್ತದೆ ಅನ್ನುವ ಹಾಗೆ. 1972ರಲ್ಲಿ ಅದೇ ಬ್ಯಾಂಡಿನ ಜಿಮ್ಮಿ ಪೇಜ್, ರಾಬರ್ಟ್ ಪ್ಲಾಂಟ್ ಇಬ್ಬರೂ ಇದೇ ಬೊಂಬಾಯಿಗೆ ಬಂದು ಇಲ್ಲಿಯ ವಾದ್ಯದವರನ್ನು ಸೇರಿಸಿಕೊಂಡು ರೆಕಾರ್ಡ್ ಮಾಡಿದ್ದರು, ಕೊಲಾಬಾದ ಸ್ಲಿಪ್ ಡಿಸ್ಕ್ ಅನ್ನುವ ಕ್ಲಬ್ಬಲ್ಲಿ ನುಡಿಸಿದ್ದರು ಅಲ್ವಾ. ಈ ಹಿರಿಯರಿಗೆ ಅದು ಗೊತ್ತಾದದ್ದು ಎಷ್ಟೋ ವರ್ಷದ ಮೇಲಂತೆ. ಹೇಳುವಾಗ ಇನ್ನೂ ಸಂಕಟಪಟ್ಟರು.

ಜನಗಣಮನಕ್ಕೆ ಎದ್ದು ನಿಂತು ಕೂತೆವು. ಲೈಟು ಆರಿತು. ಆಮೇಲೆ ಆ ಒಂದು ಸ್ವರ, 'ಎಕೋಸ್' ಹಾಡು ಶುರುವಾಗುವ ಟಿಂಗ್. ರಿಕ್ ಪಿಯಾನೋದ ಒಂದೇ ಮನೆ ಒತ್ತಿ, ಅದನ್ನು ತಿರುಗುವ ಲೆಸ್ಲಿ ಸ್ಪೀಕರಿಗೆ ಹಾಯಿಸಿ ಮಾಡಿದ ಶಬ್ದ. ಇಯರ್‌ಫೋನಿನಲ್ಲಿ ಅದನ್ನು ಎಷ್ಟು ಸಲ ಕೇಳಿಲ್ಲ ಹೇಳು. ಆದರೆ ಅಷ್ಟು ದೊಡ್ಡ ಕತ್ತಲಲ್ಲಿ ಅದು ಎಲ್ಲಿಂದ ಬಂತು ಅಂತ ತಿಳಿಯಲಿಲ್ಲ. ಮೇಲಿಂದಲೋ, ಬೆನ್ನ ಹಿಂದಿಂದಲೋ. ಕ್ಯಾಮೆರಾ ಬಲು ದೂರದಿಂದ, ನಿಧಾನಕ್ಕೆ, ಒಂಚೂರೂ ಅವಸರವಿಲ್ಲದೆ ಆ ಹಳೇ ರಂಗಸ್ಥಳದ ಹತ್ತಿರ ಬರುತ್ತದೆ. ಸುತ್ತ ಕಲ್ಲಿನ ಮೆಟ್ಟಿಲುಗಳು, ಮಧ್ಯೆ ಮಣ್ಣಿನ ಅಂಗಳ, ಅದರಲ್ಲಿ ನಾಲ್ಕು ಜನ. ಮೆಟ್ಟಿಲ ಮೇಲೆ ಒಬ್ಬನೂ ಇಲ್ಲ.

ಇಲ್ಲಿಯೇ ನಾನು ನಿನಗೆ ಹೇಳಬೇಕಾದದ್ದು ಇರುವುದು.

ಆ ಕಾಲದ ರಾಕ್ ಸಿನಿಮಾಗಳೆಲ್ಲ ಜನರ ಸಿನಿಮಾಗಳು. ಅಮೆರಿಕದ ಆ ದೊಡ್ಡ ಸಂಗೀತ ಜಾತ್ರೆಯ ಮೇಲೆ 1970ರಲ್ಲಿ ಬಂದ 'ವುಡ್‌ಸ್ಟಾಕ್' ನೆನಪು ಮಾಡಿಕೋ. ನಿರ್ದೇಶಕ ಮೈಕೆಲ್ ವಾಡ್ಲಿ ಪರದೆಯನ್ನು ಎರಡು ಮೂರು ಪಾಲು ಮಾಡಿ, ಒಂದರಲ್ಲಿ ಹಾಡುವವನು, ಇನ್ನೊಂದರಲ್ಲಿ ಕೆಸರಲ್ಲಿ ಕುಣಿಯುವವರು ಅಂತ ತೋರಿಸುತ್ತಾನೆ. ಅದರಲ್ಲಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ಯಾವ ಗಿಟಾರಿಸ್ಟೂ ಅಲ್ಲ, ಪಾಯಿಖಾನೆ ತೊಳೆಯುತ್ತಿರುವ ಆ ಮನುಷ್ಯ. ನಗುನಗುತ್ತಲೇ ಕೆಲಸ ಮಾಡುತ್ತಾ, ನನ್ನ ಒಬ್ಬ ಮಗ ಇಲ್ಲೇ ಈ ಜನರ ಮಧ್ಯೆ ಇದ್ದಾನೆ, ಇನ್ನೊಬ್ಬ ವಿಯೆಟ್ನಾಮಿನಲ್ಲಿದ್ದಾನೆ ಅಂತಾನೆ. ಆ ಸಿನಿಮಾ ದೊಡ್ಡದಾದದ್ದೇ ಅಂಥವರಿಂದ.

ಪಾಂಪೆಯ ನಿರ್ದೇಶಕ ಏಡ್ರಿಯನ್ ಮೇಬನ್ ಅದಕ್ಕೆ ಪೂರಾ ಉಲ್ಟಾ ಹೋದ. ಜನ ಬೇಡವೇ ಬೇಡ ಅಂದ. ರಜೆಗೆ ಅಂತ ಇಟಲಿಗೆ ಹೋದವನು ಪಾಂಪೆ ನೋಡಿ ಬಂದ ಮೇಲೆ ಪಾಸ್‌ಪೋರ್ಟ್ ಕಾಣಲಿಲ್ಲವಂತೆ. ಎಲ್ಲೋ ಅಲ್ಲೇ ಬಿತ್ತು ಅಂತ ಸಂಜೆ ಕಾವಲಿನವರನ್ನು ಕೇಳಿಕೊಂಡು ಒಳಗೆ ಹೋದ. ಕತ್ತಲಾಗುತ್ತಿತ್ತು, ಒಬ್ಬರೂ ಇರಲಿಲ್ಲ, ಹುಳುಹುಪ್ಪಟೆಯ ಸದ್ದು ಆ ಗೋಡೆಗಳಿಗೆ ಬಡಿದು ದೊಡ್ಡದಾಗಿ ಕೇಳುತ್ತಿತ್ತು. ಫ್ಲಾಯ್ಡ್ ನುಡಿಸಬೇಕಾದದ್ದು ಇಲ್ಲಿ ಅಂತ ಅವನಿಗೆ ಅನ್ನಿಸಿದ್ದು ಆಗ. ನೇಪಲ್ಸಿನ ಪ್ರೊಫೆಸರ್ ಒಬ್ಬರು ಬ್ಯಾಂಡಿನ ಅಭಿಮಾನಿ, ಅವರು ಓಡಾಡಿ ಆರು ದಿನಕ್ಕೆ ಪರ್ಮಿಶನ್ ಕೊಡಿಸಿದರು. ಬ್ಯಾಂಡಿನವರದ್ದು ಒಂದೇ ಹಟ, ಬಾಯಿ ಆಡಿಸಿ ನಟಿಸುವುದಿಲ್ಲ, ನುಡಿಸಿದರೆ ನಿಜವಾಗಿಯೇ ನುಡಿಸುವುದು ಅಂತ. ಅದಕ್ಕಾಗಿ ಸಾಮಾನೆಲ್ಲ ಇಂಗ್ಲೆಂಡಿನಿಂದ ಲಾರಿಯಲ್ಲಿ ಬಂತು. ಬಂದ ಮೇಲೆ ನೋಡಿದರೆ ಕರೆಂಟು ಸಾಲದು! ಊರೊಳಗಿನಿಂದ ಬೀದಿ ದಾಟಿಸಿ ಕೇಬಲ್ ಎಳೆದು ತರುವಷ್ಟರಲ್ಲಿ ದಿನಗಳೇ ಕಳೆದವು. ಹಾಗಾಗಿ ಅಲ್ಲಿ ಪೂರ್ತಿ ತೆಗೆದದ್ದು ಮೂರೇ ಮೂರು ಹಾಡು. ಉಳಿದದ್ದನ್ನು ಆಮೇಲೆ ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ಮುಗಿಸಿದರು. ನನ್ನ ಪ್ರಕಾರ ಪ್ಯಾರಿಸ್ ಬಂದಾಗಲೆಲ್ಲ ಸಿನಿಮಾ ಸ್ವಲ್ಪ ಕೆಳಗಿಳಿಯುತ್ತದೆ. ರಿಕ್ ಮೈಕ್ ಹಿಡಿದು ನಾಯಿಯನ್ನು ಹಾಡಿಸುವುದು ನಿನಗೆ ಇಷ್ಟ, ನನಗೆ ಅಷ್ಟಕ್ಕಷ್ಟೆ. ಆ ವಾದ ಬೇಡ ಈಗ.

ನಾನು ಹೇಳುವುದು ಏನೆಂದರೆ, ಈ ಸಿನಿಮಾವನ್ನು ಒಬ್ಬನೇ ಲ್ಯಾಪ್‌ಟಾಪಲ್ಲಿ ನೋಡುವಾಗ ಆ ಖಾಲಿ ಮೆಟ್ಟಿಲು ಸುಮ್ನೆ ಖಾಲಿ ಮೆಟ್ಟಿಲು. ಅವರೂ ಒಂಟಿ, ನೀನೂ ಒಂಟಿ. ಟಾಕೀಸಲ್ಲಿ ಹಾಗಲ್ಲ. ಪರದೆ ಅಷ್ಟು ದೊಡ್ಡದಿರುವಾಗ ಆ ಕಲ್ಲಿನ ಮೆಟ್ಟಿಲ ಸಾಲು ಎಲ್ಲಿ ಮುಗಿಯಿತು, ನಮ್ಮ ಸೀಟಿನ ಸಾಲು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಅಲ್ಲಿ ಇಲ್ಲದ ಜನ ನಾವೇ. ಮೇಬನ್ ಮೆಟ್ಟಿಲು ಖಾಲಿ ಬಿಟ್ಟದ್ದು ನಮಗೆ ಕೂರಲು ಜಾಗ ಬಿಟ್ಟ ಹಾಗಾಯಿತು. ವುಡ್‌ಸ್ಟಾಕ್ ನೋಡುವಾಗ ನಾವು ಇನ್ನೊಬ್ಬರ ಜಾತ್ರೆಯನ್ನು ಹೊರಗೆ ನಿಂತು ನೋಡುತ್ತೇವೆ. ಇಲ್ಲಿ ಬೇರೆ ಯಾರೂ ಇಲ್ಲ, ನುಡಿಸುವವರು ಮತ್ತು ನಾವು. ಟಾಕಿಂಗ್ ಹೆಡ್ಸ್ ಬ್ಯಾಂಡಿನ 1984ರ ಸಿನಿಮಾ 'ಸ್ಟಾಪ್ ಮೇಕಿಂಗ್ ಸೆನ್ಸ್'ನಲ್ಲಿ ನಿರ್ದೇಶಕ ಜೊನಾಥನ್ ಡೆಮಿ ಕೂಡ ಕೊನೆ ಬರುವ ತನಕ ಜನರ ಮುಖ ತೋರಿಸುವುದಿಲ್ಲ ಗಮನಿಸಿದ್ದೀಯಾ? ಅವನಿಗೂ ಇದು ಗೊತ್ತಿತ್ತು ಅಂತ ನನ್ನ ನಂಬಿಕೆ. ಪರದೆ ಮೇಲಿನವನು ಚಪ್ಪಾಳೆ ತಟ್ಟಿದರೆ ಟಾಕೀಸಿನವನ ಕೈ ಏಳುವುದಿಲ್ಲ.

ಇನ್ನು ಕಣ್ಣಿಗೆ ಬಿದ್ದದ್ದು ಹೇಳುತ್ತೇನೆ ಕೇಳು, ನಮ್ಮ ವಿಸಿಡಿಯಲ್ಲಿ ಇವು ಯಾವುದೂ ಇರಲಿಲ್ಲ. ಆಂಪ್ಲಿಫೈಯರ್ ಪೆಟ್ಟಿಗೆಗಳ ಹಿಂಭಾಗದಲ್ಲಿ ಬಿಳಿ ಅಕ್ಷರದಲ್ಲಿ ಅಚ್ಚು ಹೊಡೆದ 'ಪಿಂಕ್ ಫ್ಲಾಯ್ಡ್ ಲಂಡನ್', ಅದರ ಬಣ್ಣ ಕೆತ್ತಿ ಹೋದ ಜಾಗ ಕೂಡ ಕಾಣುತ್ತದೆ. ಗಿಲ್ಮೋರ್ ಅಂಗಿ ಬಿಚ್ಚಿ ಕೂತಿದ್ದಾನೆ, ಮೈಗೆ ಹತ್ತಿದ ಧೂಳು ಕಾಣುತ್ತದೆ. ವಾಟರ್ಸ್ ಆ ದೊಡ್ಡ ಗಾಂಗ್ ಬಡಿಯುವಾಗ ಹಿಂದೆ ಬಿಸಿಲು, ಅವನ ಕೈ ಬರೀ ಕಪ್ಪು ಗೆರೆ. ಅದರ ಸದ್ದು ಎದೆಗೆ ಬಂದು ಕೂರುತ್ತದೆ. 'ಒನ್ ಆಫ್ ದೀಸ್ ಡೇಸ್' ಹಾಡು ಬಂದಾಗ ಕ್ಯಾಮೆರಾ ಹೆಚ್ಚುಕಮ್ಮಿ ಡ್ರಮ್ಮರ್ ನಿಕ್ ಮೇಸನ್ ಒಬ್ಬನ ಮೇಲೆಯೇ ಇದೆಯಲ್ಲ, ಉಳಿದವರ ರೀಲು ಕಳೆದುಹೋದದ್ದರಿಂದ ಹಾಗಾಯಿತಂತೆ. ನಮಗೆ ಒಳ್ಳೆಯದೇ ಆಯಿತು. ನಡುವೆ ಅವನ ಕೈಯಿಂದ ಒಂದು ಕಡ್ಡಿ ಹಾರಿಹೋಗುತ್ತದೆ. ಅವನು ಅತ್ತ ನೋಡುವುದೂ ಇಲ್ಲ, ಒಂದು ಪೆಟ್ಟೂ ತಪ್ಪದೆ ಇನ್ನೊಂದು ಕಡ್ಡಿ ಎತ್ತಿಕೊಂಡು ಬಾರಿಸುತ್ತಾನೆ. ಆಗ ಹಿಂದಿನ ಸಾಲಿನಿಂದ ಯಾರೋ "ಅರೇ ವಾಹ್" ಅಂದರು. ಹಾಡಿನ ಮಧ್ಯೆ ಮಾತಾಡಿದರೆ ಸಿಟ್ಟು ಬರುವವನು ನಾನು, ನಿನಗೆ ಗೊತ್ತು. ಆ ಮಾತಿಗೆ ಬರಲಿಲ್ಲ. ಕಛೇರಿಯಲ್ಲಿ ಭಲೇ ಅನ್ನುವುದಿಲ್ವಾ, ಹಾಗೆ.

ಸಿನಿಮಾ ಹಾಲಲ್ಲಿ ಕುಣಿಯಬಹುದಾ, ಕೂಗಬಹುದಾ ಅಂತ ಈಗ ದೊಡ್ಡ ಚರ್ಚೆ. 2023ರಲ್ಲಿ ಟೇಲರ್ ಸ್ವಿಫ್ಟ್ ಕಾನ್ಸರ್ಟ್ ಸಿನಿಮಾಕ್ಕೆ ಅಕ್ಕನ ಮಗಳು ಗೆಳತಿಯರ ಜೊತೆ ಹೋಗಿ, ಮೊದಲಿಂದ ಕೊನೆ ತನಕ ನಿಂತೇ ಹಾಡಿ ಗಂಟಲು ಕಟ್ಟಿಸಿಕೊಂಡು ಬಂದಿದ್ದಳು. ಮನೆಯಲ್ಲಿ ಬೈದರು. ನನಗೆ ಮಾತ್ರ ಅವಳು ಮಾಡಿದ್ದು ಪೂರ್ತಿ ಸರಿ ಅನ್ನಿಸಿತು, ಆ ಸಂಗೀತ ಕೇಳುವುದೇ ಅದನ್ನು. ಪಾಂಪೆ ಕೇಳುವುದು ಬೇರೆ. 'ಎಕೋಸ್' ಎರಡನೇ ಭಾಗ ಬಂದು, ಗಿಲ್ಮೋರ್ ಮತ್ತು ರಿಕ್ ಇಬ್ಬರ ದನಿ ಒಂದಾಗಿ ಕೊನೆಯ ಚರಣ ಹಾಡುವಾಗ ಹಾಲಲ್ಲಿ ಪಾಪ್‌ಕಾರ್ನಿನ ಸದ್ದೂ ಇರಲಿಲ್ಲ. ಪಕ್ಕಕ್ಕೆ ನೋಡಿದೆ. ಹಿರಿಯರು ಕನ್ನಡಕ ತೆಗೆದು ತೊಡೆ ಮೇಲೆ ಇಟ್ಟುಕೊಂಡಿದ್ದರು, ಬಾಯಿ ಸಣ್ಣಗೆ ಆಡುತ್ತಿತ್ತು. ಒಂದು ಶಬ್ದವೂ ಬಿಟ್ಟುಹೋಗದ ಹಾಗೆ ಅವರಿಗೆ ಬರುತ್ತಿತ್ತು.

ಗಿಲ್ಮೋರ್ 2016ರಲ್ಲಿ ಪಾಂಪೆಗೆ ವಾಪಸು ಹೋಗಿ ಅದೇ ಜಾಗದಲ್ಲಿ ಈ ಸಲ ಜನರ ಎದುರು ನುಡಿಸಿದ. ಅದೂ ಸಿನಿಮಾ ಆಗಿದೆ, ಚೆನ್ನಾಗಿದೆ. ಆದರೆ ರಿಕ್ ಇಲ್ಲದೆ 'ಎಕೋಸ್' ನುಡಿಸುವುದಿಲ್ಲ ಅಂತ ಅವನು ಬಿಟ್ಟೇಬಿಟ್ಟಿದ್ದಾನೆ. ಹಾಗಾಗಿ ಆ ಹಾಡನ್ನು ಅವರಿಬ್ಬರ ಬಾಯಲ್ಲಿ, ದೊಡ್ಡ ಸೌಂಡಿನಲ್ಲಿ, ನಾಲ್ಕು ಜನರ ಜೊತೆ ಕೂತು ಕೇಳಬೇಕೆಂದರೆ ಇರುವುದು ಇದೊಂದೇ ದಾರಿ. ಯೂಟ್ಯೂಬ್ ಯಾಕೆ ಸಾಲದು ಅಂತ ಕೇಳಿದೆಯಲ್ಲ, ನನ್ನ ಉತ್ತರ ಇಷ್ಟೇ.

ಮುಗಿದ ಮೇಲೆ ಹೆಸರುಗಳೆಲ್ಲ ಹಾದುಹೋಗುವ ತನಕ ಅರ್ಧಕ್ಕರ್ಧ ಜನ ಎದ್ದಿರಲಿಲ್ಲ. ಹಿರಿಯರ ಜೊತೆ ಸ್ಟೇಷನ್ ತನಕ ನಡೆದೆ, ಜೆಪೆಲಿನ್ ಸಿನಿಮಾದ್ದೇ ಮಾತು. ಅದನ್ನೂ ಯಾರಾದರೂ ಹೀಗೇ ಸರಿಮಾಡಿ ದೊಡ್ಡ ಪರದೆಗೆ ತಂದರೆ ತಾನು ಮೊದಲ ದಿನವೇ ಹೋಗುವವನು ಅಂದರು, ನಂಬರ್ ಕೊಟ್ಟಿದ್ದಾರೆ. ಇಂಥ ಯಾವುದೇ ಸಿನಿಮಾ ಬರಲಿ, ಒಂದು ವಾರ ಮೊದಲೇ ನಿನಗೆ ಹೇಳುತ್ತೇನೆ. ಡೆಕ್ಕನ್ ಕ್ವೀನ್ ಹಿಡಿದು ಬಾ, ರಾತ್ರಿ ನಮ್ಮಲ್ಲೇ ಇದ್ದರಾಯಿತು. ಮೂರು ಟಿಕೆಟ್ ಒಟ್ಟಿಗೆ ಮಾಡಿಸುತ್ತೇನೆ, ನಡುವಿಗಿಂತ ಎರಡು ಸಾಲು ಹಿಂದೆ. ಅಲ್ಲಿ ಕೂತರೆ ಸೌಂಡ್ ಎರಡೂ ಕಡೆಯಿಂದ ಸಮ ಬರುತ್ತದೆ.

ನಿನ್ನವ