ಸಾಯುವುದಕ್ಕೆ ಮಾತ್ರ ಇರುವ ತಾಯಿ

ಪ್ರೀತಿಯ ತಮ್ಮ,

ನಿನ್ನ ಸ್ಕ್ರಿಪ್ಟ್ ಓದಿದೆ. ಬೊಮ್ಮನಹಳ್ಳಿಯ ಆಟೋ ಹುಡುಗ, ಕಾಯಿಲೆ ಬಿದ್ದ ತಾಯಿ, ಇಂಟರ್ವಲ್‌ಗೆ ಅವಳ ಸಾವು, ಆಮೇಲೆ ಮಚ್ಚು. ಎರಡನೇ ಸೀನಿನಲ್ಲಿ ಆಕೆ ಕೆಮ್ಮಿದ ಕೂಡಲೇ ಮುಂದಿನದೆಲ್ಲ ಗೊತ್ತಾಗಿಬಿಡುತ್ತದೆ, ಅಲ್ವಾ?

ಫಾರ್ಮುಲಾ ಬಿಟ್ಟುಬಿಡು ಅಂತ ನಾನು ಹೇಳುವುದಿಲ್ಲ. ತಾಯಿ-ಮಗನ ಕತೆಗೆ ಜನ ಇವತ್ತೂ ಅಳುತ್ತಾರೆ. ಆ ಅಳು ಸುಳ್ಳಲ್ಲ. ಆದರೆ ಗಾಂಧಿನಗರದಲ್ಲಿ ಒಂದು ಸಿನಿಮಾ ಗೆದ್ದರೆ, ಕಣ್ಣಿಗೆ ಕಾಣುವುದಷ್ಟೇ ಕಾಪಿ ಆಗುತ್ತದೆ. 1995ರಲ್ಲಿ ‘ಓಂ’ ಬಂತು. ಪುರೋಹಿತರ ಮಗನೊಬ್ಬ ರೌಡಿಯಾಗುವ ಕತೆ. ಅವನು ಯಾಕೆ ಹಾಗಾದ ಅನ್ನುವುದೇ ಅದರ ಜೀವ. ಆಮೇಲೆ ಬಂದ ಎಷ್ಟೋ ಸಿನಿಮಾಗಳು ಲಾಂಗು ತಗೊಂಡವು, ಕಾರಣ ಬಿಟ್ಟವು. 2006ರ ‘ಮುಂಗಾರು ಮಳೆ’ ಆದಮೇಲೂ ಅಷ್ಟೇ. ಮಳೆ ಬಂತು, ವಟವಟ ಮಾತಾಡುವ ಹೀರೋ ಬಂದ. ಪ್ರೀತಿಸಿದ ಹುಡುಗಿಯನ್ನು ‘ಮುಂಗಾರು ಮಳೆ’ಯ ಹೀರೋ ಕೊನೆಗೆ ಬಿಟ್ಟುಕೊಡುತ್ತಾನಲ್ಲ, ಹಾಗೆ ಬರೆಯುವ ಧೈರ್ಯ ಮಾತ್ರ ಜಾಸ್ತಿ ಜನಕ್ಕೆ ಬರಲಿಲ್ಲ.

ನಿನ್ನ ಕತೆಗೆ ಬರೋಣ. ಆ ತಾಯಿ ಸಾಯುವುದಕ್ಕೆ ಮಾತ್ರ ಇದ್ದಾಳೆ. ನನಗೆ ಅದೇ ಸಂಕಟ. ಆಕೆ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ ಅಂತ ಒಂದೇ ಸಾಲು ಬರೆದು ಮುಂದೆ ಓಡಿದ್ದೀಯ. ಅಲ್ಲೇ ಸ್ವಲ್ಪ ನಿಲ್ಲು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಟಾಯ್ಲೆಟ್‌ಗೆ ಎದ್ದರೂ ಗಡಿಯಾರ ನೋಡುವ ಸೂಪರ್‌ವೈಸರ್. ಸಂಜೆ ಸೀರೆಗೆ ಅಂಟಿಕೊಂಡೇ ಮನೆಗೆ ಬರುವ ದಾರದ ಚೂರು. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬಿಗಿ ಮಾಡಲು ಹೊರಟಾಗ ಇಂಥ ಹೆಣ್ಣುಮಕ್ಕಳೇ ಸಾವಿರಾರು ಜನ ಬೀದಿಗಿಳಿದು ಹೊಸೂರು ರಸ್ತೆ ತಡೆದರು. ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ನಮ್ಮ ಬೆಂಗಳೂರಲ್ಲೇ ನಡೆದದ್ದು ಇದು. ನಮ್ಮ ಮಾಸ್ ಸಿನಿಮಾದ ತಾಯಂದಿರು ಮಾತ್ರ ಇನ್ನೂ ಮಂಚದ ಮೇಲೇ ಮಲಗಿದ್ದಾರೆ.

ನಿನ್ನ ಹೀರೋನ ತಾಯಿ ಅವತ್ತು ಆ ಗುಂಪಿನಲ್ಲಿದ್ದಿದ್ದರೆ? ಮಗನ ಆಟೋ ಅದೇ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರೆ? ಮೊದಲು ಅವನು ಎಲ್ಲರ ಥರ ಬೈಯುತ್ತಾನೆ. ಆಮೇಲೆ ಅಮ್ಮ ಕಾಣುತ್ತಾಳೆ.

ಇಂಟರ್ವಲ್ ಇಲ್ಲಿಡು. ತಾಯಿಯನ್ನು ಕೊನೆಯವರೆಗೂ ಬದುಕಿಸು. ಸೆಕೆಂಡ್ ಹಾಫ್‌ನಲ್ಲಿ ಮಗ ಮಚ್ಚಿಗೆ ಕೈ ಹಾಕಿದರೆ ಎದುರು ನಿಂತು ಕೇಳುವುದಕ್ಕೆ ಒಬ್ಬಳು ಇರುತ್ತಾಳೆ. ಸೆಂಟಿಮೆಂಟ್ ಕಮ್ಮಿಯಾಯ್ತು ಅಂತ ಪ್ರೊಡ್ಯೂಸರ್ ಅಂದರೆ, ವಾದ ಮಾಡಬೇಡ. ಸುಮ್ನೆ ಆ ರಸ್ತೆ ಸೀನ್ ಓದಿ ಹೇಳು.

ನಿನ್ನ
ಅಣ್ಣ