ಸೀಲ್ ಒಡೆಯದ ಹಳೆಯ ಕಂಪ್ಯೂಟರುಗಳನ್ನು ತೂಕಕ್ಕೆ ಮಾರಬೇಡಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಕಲಬುರಗಿಯ ಶಿಕ್ಷಣ ಸಂಸ್ಥೆಯೊಂದರ ಉಗ್ರಾಣವನ್ನು ತೆರವು ಮಾಡುವಾಗ ನಾನು ಅಲ್ಲಿದ್ದೆ. ಮುರಿದ ಬೆಂಚುಗಳ ಅಡಿಯಲ್ಲಿ ಎರಡು ಬಿಬಿಸಿ ಮೈಕ್ರೊ ಕಂಪ್ಯೂಟರುಗಳು, ಕಾರ್ಖಾನೆಯವರು ಅಂಟಿಸಿದ ಟೇಪು ಸಹ ಕೀಳದ ಪೆಟ್ಟಿಗೆಗಳಲ್ಲಿ ಸಿಕ್ಕವು. ಹರಾಜಿನ ಪಟ್ಟಿಯಲ್ಲಿ ಅವು ‘ನಿರುಪಯುಕ್ತ ಸಾಮಗ್ರಿ’ಗಳಾಗಿದ್ದವು, ನಮ್ಮ ಕಡೆ ಭಂಗಾರ ಎನ್ನುವ ಗುಜರಿಯ ಲೆಕ್ಕದಲ್ಲಿ ತೂಗಿ ಕೊಡಲಾಯಿತು. ಕೊಂಡವನು ಒಳಗೆ ತಾಮ್ರವೆಷ್ಟಿದೆ ಎಂದು ನೋಡಲು ಅಂಗಳದಲ್ಲೇ ಪೆಟ್ಟಿಗೆ ಹರಿದ. ಅವನನ್ನು ದೂರಲಾರೆ, ಅದು ಏನೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಬ್ರಿಟನ್ನಿನ ಏಕಾರ್ನ್ ಸಂಸ್ಥೆ 1981ರಲ್ಲಿ ಹೊರತಂದ ಈ ಯಂತ್ರ, 1984-85ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ‘ಕ್ಲಾಸ್’ ಯೋಜನೆಯ ಮೂಲಕ ನಮ್ಮ ದೇಶದ ಶಾಲೆಗಳಿಗೆ ಬಂದಿತು. ನಾನು ಮೊದಲು ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸಿದ್ದು ಕೇವಲ 32 ಕಿಲೋಬೈಟ್ ಸ್ಮರಣೆಯ ಅಂಥದೇ ಯಂತ್ರದ ಮುಂದೆ ಮಕ್ಕಳನ್ನು ಸರದಿಯಲ್ಲಿ ಕೂರಿಸಿಕೊಂಡು. ಬಳಸಿದ ಯಂತ್ರಗಳ ಕೀಲಿಗಳು ಸವೆದಿವೆ, ಕೈಪಿಡಿಗಳು ಕಳೆದಿವೆ. ಸೀಲ್ ಒಡೆಯದ ಪೆಟ್ಟಿಗೆಯಲ್ಲಿ ಮಾತ್ರ ಕೈಪಿಡಿ, ಕ್ಯಾಸೆಟ್, ಥರ್ಮಾಕೋಲ್ ಎಲ್ಲವೂ ಕಾರ್ಖಾನೆಯಲ್ಲಿ ಜೋಡಿಸಿದ ಕ್ರಮದಲ್ಲೇ ಉಳಿದಿರುತ್ತವೆ.

ಇಂಥವುಗಳಿಗೆ ಕೊಳ್ಳುವವರೇ ಇಲ್ಲ ಎಂಬುದು ಸರಿಯಲ್ಲ. ಕೆನಡಾದ ಒಟ್ಟಾವಾದಲ್ಲಿ 1983ರಲ್ಲಿ ಕೇಬಲ್ ಟಿವಿ ಜಾಲದ ಮೂಲಕ ತಂತ್ರಾಂಶ ಪಡೆಯುವಂತೆ ರೂಪಿಸಿದ ನಾಬು ಎಂಬ ಕಂಪ್ಯೂಟರ್ ಕೆಲವೇ ವರ್ಷಗಳಲ್ಲಿ ನಿಂತುಹೋಗಿತ್ತು. ಅಮೆರಿಕದ ಮ್ಯಾಸಚೂಸೆಟ್ಸಿನ ಕಣಜವೊಂದರಲ್ಲಿ ದಶಕಗಳಿಂದ ಇದ್ದ ಸುಮಾರು 2,200 ನಾಬುಗಳು ಇತ್ತೀಚೆಗೆ ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಬಂದಾಗ ಆಸಕ್ತರು ಕೊಂಡರು. ಸತ್ತುಹೋಗಿದ್ದ ಆ ಜಾಲದ ಕೆಲಸವನ್ನು ಇಂದಿನ ಕಂಪ್ಯೂಟರಿನಿಂದಲೇ ಮಾಡಿಸಿ ಯಂತ್ರಗಳಿಗೆ ಮತ್ತೆ ಜೀವ ಕೊಟ್ಟರು. ಹಾಗೆಂದು ಹಳೆಯದೆಲ್ಲ ಲಕ್ಷಗಟ್ಟಲೆ ಬಾಳುತ್ತದೆಂದು ತಿಳಿಯುವುದೂ ತಪ್ಪು. 1976ರಲ್ಲಿ ಬಂದ, ಆಪಲ್ ಕಂಪನಿಯ ಮೊದಲ ಕಂಪ್ಯೂಟರಾದ ಆಪಲ್-1ರ ಹರಾಜಿನ ಸುದ್ದಿ ಓದಿ ಬೆಲೆ ಹೇಳುವವರು, ಅದು ಸುಮಾರು 200 ಮಾತ್ರ ತಯಾರಾದ ಯಂತ್ರವೆಂಬುದನ್ನು ಮರೆಯುತ್ತಾರೆ.

ಮಾರುವವರ ಪ್ರಾಮಾಣಿಕತೆಯ ಬಗ್ಗೆ ಇನ್ನೂ ಒಂದು ಮಾತು ಹೇಳಲೇಬೇಕು. ಸೀಲ್ ಇದೆ ಎಂದರೆ ಯಂತ್ರ ಸರಿಯಿದೆ ಎಂದಲ್ಲ. ನಮ್ಮ ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೋಣೆ ಕಾಯುವ ಪರಿಯಲ್ಲಿ ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳಾದ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಒಣಗುತ್ತವೆ. ಬಿಬಿಸಿ ಮೈಕ್ರೊದ ವಿದ್ಯುತ್ ಘಟಕದಲ್ಲಿರುವ ಫಿಲ್ಟರ್ ಕೆಪಾಸಿಟರುಗಳು ಬಿರುಕು ಬಿಟ್ಟು ತೇವ ಹೀರಿಕೊಂಡು, ಸ್ವಿಚ್ ಹಾಕಿದೊಡನೆ ಹೊಗೆಯುಗುಳುವುದು ಆ ಯಂತ್ರ ಬಲ್ಲವರಿಗೆಲ್ಲ ಗೊತ್ತು. ಅನಂತರದ 286, 386 ಎಂಬ ಪ್ರೊಸೆಸರುಗಳ ಕಾಲದ ಕಂಪ್ಯೂಟರುಗಳ ಹಲವು ಮದರ್‌ಬೋರ್ಡುಗಳಲ್ಲಿ (ಮುಖ್ಯ ಫಲಕಗಳಲ್ಲಿ) ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಮುಚ್ಚಿದ ಪೆಟ್ಟಿಗೆ ಅದನ್ನು ತಡೆಯಲಾರದು. ಆದ್ದರಿಂದ ‘ಹೊಸದರಂತೆ ಕೆಲಸ ಮಾಡುತ್ತದೆ’ ಎಂದು ಬರೆಯದೆ, ‘ಪರೀಕ್ಷಿಸಿಲ್ಲ’ ಎಂದೇ ಬರೆಯಬೇಕು. ಒಂದೇ ಬಗೆಯವು ಹಲವಿದ್ದರೆ ಒಂದನ್ನು ಬಲ್ಲವರಿಂದ ತೆರೆಸಿ, ಉಳಿದವುಗಳ ಸ್ಥಿತಿಯನ್ನು ಅಂದಾಜಿಸಬಹುದು. ಒಂದೇ ಇದ್ದರೆ ಸೀಲ್ ಮುಟ್ಟದಿರುವುದೇ ಲೇಸು.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಶಾಲಾ ಕಾಲೇಜುಗಳು ಮುಂದಿನ ರದ್ದತಿ ಪಟ್ಟಿಗೆ ಸಹಿ ಮಾಡುವ ಮೊದಲು, ಒಡೆಯದ ಪೆಟ್ಟಿಗೆಗಳನ್ನು ಬೇರೆಯಾಗಿರಿಸಿ, ಆರೂ ಬದಿಗಳ ಹಾಗೂ ಕ್ರಮಸಂಖ್ಯೆಯ ಚಿತ್ರ ತೆಗೆದು, ಹೆಸರು ಹೇಳಿ ಪ್ರತ್ಯೇಕವಾಗಿ ಹರಾಜಿಗಿಡಬೇಕೆಂದು ಕೋರುತ್ತೇನೆ. ಅಂಗಳದಲ್ಲಿ ಬಿದ್ದಿದ್ದ ಕೈಪಿಡಿಗಳಲ್ಲಿ ಒಂದನ್ನು ಕೇಳಿ ತಂದಿದ್ದೇನೆ; ಅದರ ಪುಟಗಳನ್ನು ಯಾರೂ ಒಮ್ಮೆಯೂ ತಿರುವಿಲ್ಲ.

– ನಿವೃತ್ತ ಕಂಪ್ಯೂಟರ್ ಶಿಕ್ಷಕ, ಕಲಬುರಗಿ