ಸಿನಿಮಾ ನೋಡಿ ಅತ್ತವರ ಪರವಾಗಿ, ಮಕ್ಕಳ ಅಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ,

ಮಾನ್ಯರೇ,

ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯವನ್ನೂ ಆ ಬಳಿಕ ಅವರ ಕೈತಪ್ಪಿದ ನ್ಯಾಯವನ್ನೂ ಮುಚ್ಚುಮರೆಯಿಲ್ಲದೆ ತೋರಿಸುವ ಸಿನಿಮಾಗಳನ್ನು ನೋಡಿ ಬಂದವರ ಮಾತುಗಳನ್ನು ತಾವೂ ಕೇಳಿರುತ್ತೀರಿ. ಕೂತು ನೋಡಲಾಗದೆ ಅರ್ಧಕ್ಕೇ ಎದ್ದು ಬಂದೆ ಎನ್ನುವವರಿದ್ದಾರೆ. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ, ಮಲಗಿದ್ದ ಮಗಳ ಪಕ್ಕದಲ್ಲೇ ಕೂತಿದ್ದೆ ಎನ್ನುವ ತಾಯಂದಿರಿದ್ದಾರೆ. ಯಾರಿಗೂ ಹೇಳದೆ ದಶಕಗಳ ಕಾಲ ಒಳಗೇ ಇಟ್ಟುಕೊಂಡಿದ್ದ ತಮ್ಮ ಬಾಲ್ಯದ ನೋವನ್ನು ಅದೇ ಮೊದಲ ಬಾರಿಗೆ ಗೆಳತಿಯ ಎದುರು, ಗಂಡನ ಎದುರು ಹೇಳಿಕೊಂಡವರಿದ್ದಾರೆ. ಇವರೆಲ್ಲರಿಗಿಂತ ದೊಡ್ಡ ದನಿಯಲ್ಲಿ ಕೇಳಿಸುವುದು ಮಾತ್ರ ಒಂದೇ ಮಾತು: ಅಂಥ ಕೃತ್ಯ ಮಾಡಿದವರನ್ನು ನಡುಬೀದಿಯಲ್ಲಿ ನೇಣಿಗೆ ಹಾಕಬೇಕು.

ಈ ಸಿಟ್ಟನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಗುವೊಂದು ನೊಂದಾಗ ಅಪರಿಚಿತರ ಹೊಟ್ಟೆಯಲ್ಲೂ ಬೆಂಕಿ ಬೀಳುವ ಸಮಾಜ ಇನ್ನೂ ಬದುಕಿದೆ ಎಂದೇ ಅರ್ಥ. ಆದರೆ ಈ ಸಿಟ್ಟಿಗೆ ಸರ್ಕಾರ ಕೊಡುವ ಉತ್ತರ ಯಾವುದಾಗಬೇಕು ಎಂಬುದರ ಬಗ್ಗೆ ನನಗೆ ಆತಂಕವಿದೆ. ಅದನ್ನು ತಮ್ಮ ಮುಂದಿಡುವುದಕ್ಕಾಗಿಯೇ ಈ ಪತ್ರ.

ಪ್ರೇಕ್ಷಕರ ಕಣ್ಣೀರು ಕಾನೂನಾಗಿ ಬದಲಾದ ಒಂದು ನಿದರ್ಶನ ನಮ್ಮೆದುರಿಗಿದೆ. ದಕ್ಷಿಣ ಕೊರಿಯಾದ ಗ್ವಾಂಗ್ಜು ನಗರದಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯ ಮತ್ತು ಸಿಬ್ಬಂದಿಯೇ ಮಕ್ಕಳ ಮೇಲೆ ವರ್ಷಗಟ್ಟಲೆ ದೌರ್ಜನ್ಯ ನಡೆಸಿದ್ದು 2005ರಲ್ಲಿ ಬಯಲಿಗೆ ಬಂತು. ಹೊರಗೆ ತಂದವರೂ ಆ ಶಾಲೆಯ ಒಬ್ಬ ನೌಕರರೇ. ಟಿವಿಯಲ್ಲಿ ವರದಿಯಾಯಿತು, ಪ್ರಕರಣ ನ್ಯಾಯಾಲಯಕ್ಕೂ ಹೋಯಿತು. ಆದರೆ ಕೆಲವು ಕೃತ್ಯಗಳಿಗೆ ಮೊಕದ್ದಮೆ ಹೂಡಲು ಇದ್ದ ಕಾಲಮಿತಿ ಮೀರಿತ್ತು, ಮಕ್ಕಳ ಮನೆಯವರೊಂದಿಗೆ ಮಾಡಿಕೊಂಡ ರಾಜಿ ಶಿಕ್ಷೆಯನ್ನು ತಗ್ಗಿಸಿತು. ಮುಖ್ಯೋಪಾಧ್ಯಾಯನ ಶಿಕ್ಷೆ ಮೇಲ್ಮನವಿಯಲ್ಲಿ ಅಮಾನತಾಯಿತು, ಆರೋಪ ಹೊತ್ತಿದ್ದ ಕೆಲವರು ಅದೇ ಶಾಲೆಗೆ ಕೆಲಸಕ್ಕೆ ಮರಳಿದರು. ಶಿಕ್ಷೆ ಅಮಾನತಾದದ್ದನ್ನು ಸನ್ನೆ ಭಾಷೆಯಲ್ಲಿ ತಿಳಿಸಿದ ಕ್ಷಣದಲ್ಲಿ ನ್ಯಾಯಾಲಯದ ಸಭಾಂಗಣವು ಅಲ್ಲಿದ್ದ ಕಿವುಡರ ಆಕ್ರಂದನದಿಂದ ತುಂಬಿಹೋಯಿತು ಎಂದು ಪತ್ರಿಕೆಯೊಂದರ ವರದಿಯಲ್ಲಿ ಒಂದು ಸಾಲು ಬಂದಿತ್ತು. ಆ ಸಾಲನ್ನು ಓದಿದ ಲೇಖಕಿ ಗೊಂಗ್ ಜಿ ಯಂಗ್ 2009ರಲ್ಲಿ ಅದರ ಮೇಲೆ ಕಾದಂಬರಿ ಬರೆದರು. 2011ರ ಸೆಪ್ಟೆಂಬರ್‌ನಲ್ಲಿ ಅದು 'ಡೊಗಾನಿ' ಎಂಬ ಸಿನಿಮಾ ಆಗಿ ಬಂತು. ನಲವತ್ತು ಲಕ್ಷಕ್ಕೂ ಹೆಚ್ಚು ಜನ ಅದನ್ನು ಚಿತ್ರಮಂದಿರಗಳಲ್ಲಿ ನೋಡಿದರು.

ಮುಂದೆ ನಡೆದದ್ದು ಗಮನಿಸಬೇಕಾದ ಸಂಗತಿ. ಮರುತನಿಖೆ ಆರಂಭವಾಯಿತು, ಶಾಲೆಯನ್ನು ಮುಚ್ಚಲಾಯಿತು, ಶಾಲೆಯ ಆಡಳಿತ ನೋಡಿಕೊಳ್ಳುತ್ತಿದ್ದವನಿಗೆ 2012ರಲ್ಲಿ ಜೈಲು ಶಿಕ್ಷೆಯಾಯಿತು. ಸಿನಿಮಾ ಬಂದು ತಿಂಗಳು ಕಳೆಯುತ್ತಿದ್ದಂತೆ ಅಲ್ಲಿನ ಸಂಸತ್ತು, ಹದಿಮೂರು ವರ್ಷದೊಳಗಿನ ಮಕ್ಕಳು ಮತ್ತು ಅಂಗವಿಕಲರ ಮೇಲಿನ ಲೈಂಗಿಕ ಅಪರಾಧಗಳಿಗೆ ಇದ್ದ ಕಾಲಮಿತಿಯನ್ನು ತೆಗೆದುಹಾಕುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಸತ್ಯ ಆರು ವರ್ಷಗಳಿಂದ ಎಲ್ಲರ ಕಣ್ಣೆದುರಿಗೇ ಇತ್ತು, ಸಿನಿಮಾ ಹೊಸ ಸಾಕ್ಷ್ಯವನ್ನೇನೂ ತಂದಿರಲಿಲ್ಲ. ಆದರೂ ಅಲ್ಲಿನ ಪ್ರೇಕ್ಷಕರು ತಮ್ಮ ಸಿಟ್ಟನ್ನು ಅಪರಾಧಿಗಳ ಮುಖದ ಮೇಲಷ್ಟೇ ನಿಲ್ಲಿಸಲಿಲ್ಲ. ಅವರನ್ನು ಪಾರು ಮಾಡಿದ್ದು ಯಾವ ನಿಯಮ, ಯಾವ ಕಚೇರಿ, ಯಾವ ರಾಜಿ ಎಂದು ಕೇಳಿದರು. ನನಗೆ ದೊಡ್ಡದಾಗಿ ಕಂಡದ್ದು ಇದೇ.

ನಮ್ಮಲ್ಲಿ ಆ ಪ್ರಶ್ನೆ ನೇಣುಗಂಬದ ಹತ್ತಿರವೇ ನಿಂತುಬಿಡುತ್ತದೆ. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, ಎಲ್ಲರೂ ಪೋಕ್ಸೊ ಎಂದು ಕರೆಯುವ ಕಾನೂನು, 2012ರ ನವೆಂಬರ್ 14ರಂದು ಜಾರಿಗೆ ಬಂತು. 2019ರ ತಿದ್ದುಪಡಿಯಲ್ಲಿ ಅತ್ಯಂತ ತೀವ್ರ ಸ್ವರೂಪದ ಅಪರಾಧಕ್ಕೆ ಮರಣದಂಡನೆಯನ್ನೂ ಸೇರಿಸಲಾಗಿದೆ. ಅಂದರೆ ಪ್ರೇಕ್ಷಕರು ಕೂಗಿ ಕೇಳುತ್ತಿರುವ ಶಿಕ್ಷೆ ಪುಸ್ತಕದಲ್ಲಿ ಆಗಲೇ ಇದೆ. ಅದನ್ನು ಮತ್ತೊಮ್ಮೆ ಘೋಷಿಸುವುದರಿಂದ ಯಾವ ಮಗುವಿಗೂ ಏನೂ ಸಿಗುವುದಿಲ್ಲ. ಇನ್ನೊಂದು ಕಷ್ಟವೂ ಇದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹದಿಮೂರು ರಾಜ್ಯಗಳ ಮಕ್ಕಳನ್ನು ಮಾತನಾಡಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದಾಗಿ ಹೇಳಿದ್ದರು. ಅವರಲ್ಲಿ ಹೆಚ್ಚಿನವರು ಅದನ್ನು ಯಾರಿಗೂ ತಿಳಿಸಿರಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷ ವರ್ಷವೂ ಕೊಡುವ ಅಂಕಿಅಂಶಗಳಲ್ಲಿ, ಮಕ್ಕಳ ಮೇಲಿನ ಅತ್ಯಾಚಾರದ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕೂ ಹೆಚ್ಚಿನವುಗಳ ಆರೋಪಿ ಮಗುವಿಗೆ ಪರಿಚಿತನೇ ಆಗಿರುತ್ತಾನೆ. ಚಿಕ್ಕಪ್ಪ, ಮಲತಂದೆ, ಪಕ್ಕದ ಮನೆಯವನು, ಪಾಠ ಹೇಳುವವನು. ನೀನು ಬಾಯಿಬಿಟ್ಟರೆ ಮಾವನನ್ನು ನೇಣಿಗೆ ಹಾಕುತ್ತಾರೆ ಎಂಬ ಒಂದೇ ಮಾತು ಹತ್ತು ವರ್ಷದ ಹುಡುಗಿಯ ಬಾಯಿ ಮುಚ್ಚಿಸಲು ಸಾಕು. ಮನೆಯ ಹಿರಿಯರು ಕೂಡ ಅದೇ ಮಾತನ್ನು ಇನ್ನಷ್ಟು ಮೃದುವಾಗಿ ಹೇಳುತ್ತಾರೆ, ಮನೆತನದ ಮರ್ಯಾದೆಯನ್ನೂ ಅದಕ್ಕೆ ಜೋಡಿಸುತ್ತಾರೆ.

ಇಂಥ ಸಿನಿಮಾಗಳಲ್ಲಿ ಪ್ರೇಕ್ಷಕರು ಅತ್ಯಂತ ಹೆಚ್ಚು ಅಳುವುದು ದೌರ್ಜನ್ಯದ ದೃಶ್ಯಕ್ಕಲ್ಲ ಎಂಬುದನ್ನು ಗಮನಿಸಿದ್ದೇನೆ. ಮಗು ಧೈರ್ಯ ಮಾಡಿ ಹೇಳಿದ ಮೇಲೂ ದೊಡ್ಡವರು ನಂಬದೆ ಹೋದಾಗ, ಕಟಕಟೆಯ ಹತ್ತಿರ ನಿಂತ ಮಗುವನ್ನು ವಕೀಲರೊಬ್ಬರು ಸುಳ್ಳುಗಾರ್ತಿ ಎಂಬಂತೆ ಕೆದಕುವಾಗ, ತೀರ್ಪು ಕೇಳಿದ ಮಗು ಏನೂ ಅರ್ಥವಾಗದೆ ಪಕ್ಕದವರ ಮುಖ ನೋಡುವಾಗ ಇಡೀ ಚಿತ್ರಮಂದಿರ ಬಿಕ್ಕುತ್ತದೆ. ಅಪರಾಧ ಮಾಡಿದವನು ಒಬ್ಬ. ಆಮೇಲೆ ಆ ಮಗುವಿನ ದಾರಿಯಲ್ಲಿ ಎದುರಾಗುವ ಪೊಲೀಸರು, ವೈದ್ಯರು, ಶಾಲೆಯ ಆಡಳಿತ ಮಂಡಳಿ, ವಕೀಲರು, ನೆಂಟರಿಷ್ಟರು ಹತ್ತಾರು ಜನ. ಇವರು ಏನು ಮಾಡುತ್ತಾರೆ ಎಂಬುದು ಸರ್ಕಾರದ ಕೈಯಲ್ಲಿರುವ ವಿಷಯ, ಮುಖ್ಯವಾಗಿ ತಮ್ಮ ಇಲಾಖೆಯ ಕೈಯಲ್ಲಿರುವ ವಿಷಯ.

ಕಾನೂನು ಬರೆದವರು ಈ ದಾರಿಯನ್ನು ಚೆನ್ನಾಗಿಯೇ ಊಹಿಸಿದ್ದರು ಎಂದು ಪೋಕ್ಸೊ ಕಾಯ್ದೆಯನ್ನು ಓದಿದ ಯಾರಿಗೂ ಅನ್ನಿಸುತ್ತದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಪಡೆಯಬೇಕು, ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು, ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಬಾರದು. ಹೆಣ್ಣುಮಗುವಿನ ವೈದ್ಯಕೀಯ ಪರೀಕ್ಷೆಯನ್ನು ವೈದ್ಯೆಯೇ ಮಾಡಬೇಕು. ವಿಚಾರಣೆಯ ವೇಳೆ ವಕೀಲರು ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಕೊಡಬೇಕು, ಮಗುವನ್ನು ಕೇಳುವವರು ನ್ಯಾಯಾಧೀಶರು. ಮಗುವಿನ ಚಾರಿತ್ರ್ಯವನ್ನು ಕೆದಕುವ ಪ್ರಶ್ನೆಗೆ ಅವಕಾಶವಿಲ್ಲ, ಸಾಕ್ಷ್ಯ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು, ಮತ್ತೆ ಮತ್ತೆ ಕೋರ್ಟಿಗೆ ಕರೆಸಬಾರದು. ನ್ಯಾಯಾಲಯವು ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಂಡ ಮೂವತ್ತು ದಿನಗಳೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು, ಸಾಧ್ಯವಾದಷ್ಟು ಮಟ್ಟಿಗೆ ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು.

ಇದಿಷ್ಟೂ ಇದ್ದರೂ, ಈ ಎಲ್ಲ ಸೆಕ್ಷನ್‌ಗಳ ನಡುವೆ ಒಂದು ಜಾಗ ಖಾಲಿ ಉಳಿಯುತ್ತದೆ. ಆರೋಪಿ ಕಾಣಬಾರದೆಂದು ಕೋರ್ಟ್ ಹಾಲಿನ ಒಳಗೆ ಪರದೆ ಕಟ್ಟಬಹುದು. ಹೊರಗಿನ ಮೊಗಸಾಲೆಯಲ್ಲಿ ಹೆಸರು ಕೂಗುವುದನ್ನು ಕಾಯುತ್ತಾ ಅಮ್ಮನ ಜೊತೆ ಬೆಂಚಿನ ಮೇಲೆ ಕೂತ ಮಗುವಿನ ಎದುರಿಗೆ ಆರೋಪಿಯ ಅಣ್ಣತಮ್ಮಂದಿರು ಬಂದು ನಿಂತರೆ ತಡೆಯುವವರು ಯಾರು? ಬೆಳಿಗ್ಗೆಯಿಂದ ಕಾದು ಮಧ್ಯಾಹ್ನದ ಹೊತ್ತಿಗೆ ಇವತ್ತು ಇಲ್ಲ, ಮುಂದಿನ ತಿಂಗಳು ಬನ್ನಿ ಎಂದಾಗ ಅದಕ್ಕೆ ಕಾರಣವೇನೆಂದು ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವವರು ಯಾರು? ಆರೋಪಿಗೆ ಜಾಮೀನು ಸಿಕ್ಕಿದೆ ಎಂಬ ಸುದ್ದಿಯನ್ನು ಅವನೇ ಬೀದಿಯಲ್ಲಿ ಎದುರಾಗುವ ಮೊದಲು ತಾಯಿಗೆ ತಿಳಿಸುವವರು ಯಾರು? ಕೂಲಿ ಬಿಟ್ಟು ಬರುವ ತಂದೆಗೆ, ಸಂಜೆ ಮನೆಗೆ ಬಂದು ರಾಜಿ ಮಾಡಿಕೊಳ್ಳಿ ಎಂದು ಒತ್ತಾಯಿಸುವ ಊರ ಹಿರಿಯರ ಎದುರು ಜೊತೆಗೆ ನಿಲ್ಲುವವರು ಯಾರು? ಸಾಕ್ಷಿ ಹೇಳುವ ದಿನ ಮಗು ತನ್ನ ಹೇಳಿಕೆಯಿಂದ ಹಿಂದೆ ಸರಿದಾಗ ನಾವು ಅದನ್ನು ಪ್ರತಿಕೂಲ ಸಾಕ್ಷಿ ಎಂಬ ಕೋರ್ಟಿನ ಹೆಸರಿನಿಂದ ಕರೆದು ಕಡತ ಮುಚ್ಚುತ್ತೇವೆ. ಹಾಗಾಗುವ ಮೊದಲು ಕಳೆದ ತಿಂಗಳುಗಳಲ್ಲಿ ಆ ಮನೆಗೆ ಯಾರು ಬಂದುಹೋದರು ಎಂದು ಯಾರೂ ಬರೆದಿಡುವುದಿಲ್ಲ.

ಆ ಖಾಲಿ ಜಾಗದಲ್ಲಿ ನಿಲ್ಲಬೇಕಾದವರಿಗೂ ನಿಯಮದಲ್ಲಿ ಹೆಸರಿದೆ. 2020ರ ಪೋಕ್ಸೊ ನಿಯಮಗಳ ಪ್ರಕಾರ, ಜಿಲ್ಲೆಯಲ್ಲಿ ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಮಕ್ಕಳ ಕಲ್ಯಾಣ ಸಮಿತಿಯು, ಮಗು ಮತ್ತು ಪಾಲಕರ ಒಪ್ಪಿಗೆ ಪಡೆದು, ತನಿಖೆ ಮತ್ತು ವಿಚಾರಣೆಯುದ್ದಕ್ಕೂ ಮಗುವಿನ ಜೊತೆಗಿರಲು ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಬಹುದು. ವಿಚಾರಣೆ ಮುಗಿಯುವವರೆಗೂ ಆ ವ್ಯಕ್ತಿಯಿಂದ ತಿಂಗಳಿಗೊಂದು ವರದಿ ತರಿಸಿಕೊಳ್ಳಬೇಕು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಪ್ರಕರಣವೊಂದರ ಸಂದರ್ಭದಲ್ಲಿ ಇದನ್ನು ಇನ್ನೂ ಗಟ್ಟಿಯಾಗಿ ಹೇಳಿತು: ಬೆಂಬಲ ವ್ಯಕ್ತಿ ಬೇಕೋ ಬೇಡವೋ ಎಂಬುದನ್ನು ಪಾಲಕರ ವಿವೇಚನೆಗೆ ಬಿಟ್ಟು ಕೈತೊಳೆದುಕೊಳ್ಳುವಂತಿಲ್ಲ. ಎಫ್‌ಐಆರ್ ಎಂದರೇನೆಂದು ಆ ದಿನವೇ ಮೊದಲ ಬಾರಿಗೆ ತಿಳಿದುಕೊಳ್ಳುತ್ತಿರುವ ತಾಯಿಯ ಮುಂದೆ ಕಾಗದವಿಟ್ಟು, ನಿಮಗೆ ಯಾರಾದರೂ ಜೊತೆಗೆ ಬೇಕೇ ಎಂದು ಕೇಳಿ, ಬೇಡ ಎಂದಾಗ ಸಹಿ ಹಾಕಿಸಿಕೊಳ್ಳುವುದು ಒಪ್ಪಿಗೆ ಕೇಳಿದಂತೆ ಆಗುವುದಿಲ್ಲ.

ಹಾಗಾಗಿ ತಮ್ಮಲ್ಲಿ ನನ್ನ ಮುಖ್ಯ ಬೇಡಿಕೆ ಇದೊಂದೇ. ರಾಜ್ಯದಲ್ಲಿ ದಾಖಲಾಗುವ ಪ್ರತಿಯೊಂದು ಪೋಕ್ಸೊ ಪ್ರಕರಣದ ಮಗುವಿಗೂ, ದೂರು ದಾಖಲಾದ ಮಾಹಿತಿ ಮಕ್ಕಳ ಕಲ್ಯಾಣ ಸಮಿತಿಗೆ ತಲುಪಿದ ಕೂಡಲೇ, ತರಬೇತಿ ಪಡೆದ, ಸಂಬಳ ಪಡೆಯುವ, ಬದಲಾಗದೆ ಕೊನೆಯವರೆಗೂ ಉಳಿಯುವ ಒಬ್ಬ ಬೆಂಬಲ ವ್ಯಕ್ತಿ ಸಿಗಬೇಕು. ಸಂಬಳ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಒಳ್ಳೆಯ ಮನಸ್ಸಿನ ಸ್ವಯಂಸೇವಕರ ಮೇಲೆ ಈ ಕೆಲಸವನ್ನು ಹೇರಿದರೆ ಅವರು ದೂರದ ತಾಲೂಕಿಗೆ ಬಸ್ ಚಾರ್ಜು ಕೈಯಿಂದ ಹಾಕಿಕೊಂಡು ಒಂದೆರಡು ಬಾರಿ ಹೋಗಿಬರಬಹುದು, ಮೂರು ವರ್ಷ ಎಳೆಯುವ ವಿಚಾರಣೆಯುದ್ದಕ್ಕೂ ಹೋಗಲಾರರು. ಒಬ್ಬರ ಹೆಗಲಿಗೆ ಎಷ್ಟು ಮಕ್ಕಳು ಎಂಬುದಕ್ಕೂ ಒಂದು ಮಿತಿ ಬೇಕು. ಈ ಜನರನ್ನು ತಯಾರು ಮಾಡುವ ಅನುಭವಕ್ಕೆ ನಾವು ಎಲ್ಲೋ ಹುಡುಕಿಕೊಂಡು ಹೋಗಬೇಕಿಲ್ಲ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮಕ್ಕಳ ಮಾನಸಿಕ ಆರೋಗ್ಯ ಮತ್ತು ರಕ್ಷಣೆಯ ತರಬೇತಿಯಲ್ಲಿ ದೇಶಕ್ಕೆಲ್ಲ ಹೇಳಿಕೊಡುತ್ತಿದೆ.

ಕಿವಿ ಕೇಳದ, ಮಾತು ಬಾರದ, ಬೌದ್ಧಿಕ ಬೆಳವಣಿಗೆ ನಿಧಾನವಾದ ಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಇಂಥ ಮಕ್ಕಳ ಸಾಕ್ಷ್ಯಕ್ಕೆ ದುಭಾಷಿಯನ್ನೋ ವಿಶೇಷ ಶಿಕ್ಷಕರನ್ನೋ ನ್ಯಾಯಾಲಯ ನೆರವಿಗೆ ಕರೆಯಬಹುದೆಂದು ಕಾಯ್ದೆಯ 38ನೇ ಸೆಕ್ಷನ್ ಹೇಳುತ್ತದೆ. ಅಂಥವರ ಪಟ್ಟಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇಟ್ಟುಕೊಂಡಿರಬೇಕೆಂದು ನಿಯಮ ಹೇಳುತ್ತದೆ. ಆ ಪಟ್ಟಿಯಲ್ಲಿರುವ ಫೋನ್ ಸಂಖ್ಯೆಗಳಿಗೆ ತಮ್ಮ ಕಚೇರಿಯಿಂದ ಯಾರಾದರೂ ಒಮ್ಮೆ ಕರೆ ಮಾಡಿ ನೋಡಲಿ ಎಂಬುದು ನನ್ನ ವಿನಂತಿ. ಸನ್ನೆ ಭಾಷೆ ಬಲ್ಲವರು ಆ ಮಗುವಿನ ವಸತಿ ಶಾಲೆಯ ಶಿಕ್ಷಕರೊಬ್ಬರೇ ಆಗಿದ್ದು, ಆರೋಪ ಅದೇ ಶಾಲೆಯ ಮೇಲಿದ್ದರೆ, ಮಗು ಯಾರ ಕೈ ನೋಡಿ ಮಾತನಾಡಬೇಕು? ಗ್ವಾಂಗ್ಜುವಿನ ಮಕ್ಕಳು ಅಷ್ಟು ವರ್ಷ ಮೌನವಾಗಿ ಉಳಿದದ್ದಕ್ಕೆ ಇಂಥ ಅವಲಂಬನೆಯೂ ಒಂದು ಕಾರಣವೆಂದು ನಾನು ನಂಬಿದ್ದೇನೆ.

ಮುಚ್ಚಿಟ್ಟವರ ವಿಷಯವೂ ಇದೆ. ಅಪರಾಧ ನಡೆದದ್ದು ಗೊತ್ತಿದ್ದರೂ ತಿಳಿಸದ ಯಾವುದೇ ವಯಸ್ಕರಿಗೆ ಆರು ತಿಂಗಳವರೆಗೆ, ತನ್ನ ಕೈಕೆಳಗಿನವನ ಕೃತ್ಯವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಶಿಕ್ಷೆ ವಿಧಿಸಲು 21ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಶಾಲೆಯ ಹೆಸರು ಕೆಡುತ್ತದೆ ಎಂದು ಮಗುವಿನ ವರ್ಗಾವಣೆ ಪತ್ರ ಬರೆದುಕೊಟ್ಟು ಕಳುಹಿಸುವ ಮುಖ್ಯಸ್ಥರಿಗೆ ಈ ಸೆಕ್ಷನ್ ನಿಜವಾಗಿಯೂ ಅನ್ವಯವಾಗುತ್ತದೆ ಎಂಬುದು ಒಂದೆರಡು ಪ್ರಕರಣಗಳಲ್ಲಾದರೂ ಕಾಣಬೇಕು. ವಸತಿ ಶಾಲೆ, ಹಾಸ್ಟೆಲ್, ಬಾಲಮಂದಿರಗಳಲ್ಲಿ 1098 ಸಹಾಯವಾಣಿಯ ಸಂಖ್ಯೆಯನ್ನು ಗೋಡೆಗೆ ಅಂಟಿಸಿದರೆ ಸಾಲದು. ವಾರ್ಡನ್ನಿನ ಕಣ್ಣು ತಪ್ಪಿಸಿ ಮಗು ಬಳಸಬಹುದಾದ ಒಂದು ಫೋನ್ ಅಲ್ಲಿರಬೇಕು.

ಹಣದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಊಟ, ಬಟ್ಟೆ, ಓಡಾಟದಂಥ ತುರ್ತು ಅಗತ್ಯಗಳಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿದ ನೆರವು ಒಂದು ವಾರದಲ್ಲಿ ಕೈಸೇರಬೇಕು, ವಿಶೇಷ ನ್ಯಾಯಾಲಯ ಆದೇಶಿಸಿದ ಪರಿಹಾರವನ್ನು ಮೂವತ್ತು ದಿನಗಳಲ್ಲಿ ಪಾವತಿಸಬೇಕು ಎಂದು ಅದೇ 2020ರ ನಿಯಮಗಳಲ್ಲಿದೆ. ಈ ಹಣ ತಡವಾದಷ್ಟೂ ರಾಜಿಯ ಹಣಕ್ಕೆ ಬಲ ಬರುತ್ತದೆ.

ಮುಂದಿನ ಅಧಿವೇಶನದಲ್ಲಿ ತಾವು ಸದನದ ಮುಂದೆ ಜಿಲ್ಲಾವಾರು ವಿವರವೊಂದನ್ನು ಇಡಬೇಕೆಂದು ಕೋರುತ್ತೇನೆ. ಬಾಕಿ ಇರುವ ಪೋಕ್ಸೊ ಪ್ರಕರಣಗಳಲ್ಲಿ ಎಷ್ಟು ಮಕ್ಕಳಿಗೆ ಬೆಂಬಲ ವ್ಯಕ್ತಿ ಇದ್ದಾರೆ, ಎಷ್ಟು ಮಕ್ಕಳ ಸಾಕ್ಷ್ಯ ಮೂವತ್ತು ದಿನಗಳೊಳಗೆ ದಾಖಲಾಗಿದೆ, ಎಷ್ಟು ಮಕ್ಕಳು ವಿಚಾರಣೆಯ ನಡುವೆ ಹೇಳಿಕೆ ಬದಲಿಸಿದ್ದಾರೆ, ಪರಿಹಾರದ ಎಷ್ಟು ಆದೇಶಗಳು ಪಾವತಿಯಾಗದೆ ಉಳಿದಿವೆ ಎಂಬುದು, ಯಾವ ಮಗುವಿನ ಗುರುತೂ ಹೊರಬೀಳದಂತೆ, ಅದರಲ್ಲಿರಲಿ. ಮಾಹಿತಿ ತಮ್ಮ ಇಲಾಖೆ, ಗೃಹ ಇಲಾಖೆ, ಕಾನೂನು ಇಲಾಖೆಗಳಲ್ಲಿ ಹಂಚಿಹೋಗಿದೆ ಎಂಬ ಉತ್ತರ ಬಂದರೆ, ಮೂರನ್ನೂ ಒಂದು ಮೇಜಿಗೆ ತರುವ ಹೊಣೆಯನ್ನು ತಾವೇ ವಹಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಆ ವಿವರ ಕೈಗೆ ಬಂದ ಮೇಲೆ ಬೆಂಬಲ ವ್ಯಕ್ತಿಗಳ ನೇಮಕಕ್ಕೆ ಎಷ್ಟು ಹಣ ಬೇಕೆಂಬುದು ಲೆಕ್ಕಕ್ಕೆ ಸಿಗುತ್ತದೆ, ಆ ಮೊತ್ತವನ್ನು ಬರುವ ಬಜೆಟ್ಟಿನಲ್ಲಿ ಇಲಾಖೆಯ ಪ್ರತ್ಯೇಕ ಲೆಕ್ಕಶೀರ್ಷಿಕೆಯಡಿ ಕೇಳಿ ಪಡೆಯಬೇಕೆಂದು ವಿನಂತಿಸುತ್ತೇನೆ.

ಗೌರವಪೂರ್ವಕವಾಗಿ,
ರಾಜ್ಯದ ಒಬ್ಬ ನಾಗರಿಕ